ಪಿಕಪ್ ಇಲ್ಲದ ಕಾರು

ಅಲ್ಲ ಕಣೇ, ಅವನು ಹೇಳಿದ್ದಕ್ಕೆಲ್ಲ ನೀನ್ಯಾಕೆ ತಲೆ ಆಡಿಸ್ತಾ ಬಂದೆ? ಕಟ್ಟಿಕೊಂಡ ಗಂಡನ ಮಾತಿಗೆ ಒಂದಿನಾನೂ ಹಾಗೆ ತಲೆ ಆಡಿಸಿದ್ದಿಲ್ಲ. ಟೈ ಕಟ್ಟಿಕೊಂಡು 'ಮೇಡಂ ಮೇಡಂ' ಅಂದುಬಿಟ್ರೆ ಮುಗೀತು.

ಕೂತ್ಕೋ. ಈ ಸರ್ವೀಸ್ ಸೆಂಟರ್ ಸೋಫಾ ನನಗೆ ಚೆನ್ನಾಗಿ ಗುರುತು, ಇದು ನಾಲ್ಕನೇ ಸಲ. ಮೊದಲನೇ ಸಲ ಬಿಡಿಸಿ ಬಿಡಿಸಿ ಹೇಳಿದ್ದೆ ಅವನಿಗೆ. ಸಿಗ್ನಲ್ ಬಿಟ್ಟಾಗ ಆಕ್ಸಿಲರೇಟರ್ ಒತ್ತಿದ್ರೆ ಪಿಕಪ್ಪೇ ಇಲ್ಲ, ತಡವರಿಸತ್ತೆ, ಆಮೇಲೆ ಒಂದೇ ಸಲಕ್ಕೆ ಜಿಗಿಯತ್ತೆ ಅಂತ. ನೋಡ್ತೀವಿ ಸಾರ್ ಅಂದ. ಸಂಜೆ ಬಂದ್ರೆ ತೊಳೆದು ಒರೆಸಿ ನಿಲ್ಲಿಸಿದಾರೆ. ಇಂಜಿನ್ ಕಂಪ್ಲೇಂಟಿಗೆ ಸ್ನಾನ ಮಾಡಿಸೋ ವೈದ್ಯರು ಇವರು... ಎರಡನೇ ಸಲ ಪ್ಲಗ್ ಬದಲಾಯಿಸಿದ್ರು. ಮೂರನೇ ಸಲ ಕಂಪ್ಯೂಟರ್ ಸಿಕ್ಕಿಸಿ, ಇದರಲ್ಲೇನೂ ತೋರಿಸ್ತಿಲ್ಲ ಅಂದ್ರು. ಹಾಗಾದ್ರೆ ಅವರ ಕಂಪ್ಯೂಟರಿಗೆ ಕಣ್ಣಿಲ್ಲ ಅಂತಾಯ್ತು, ಅಷ್ಟೇ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದೋನು ನಾನು. ಇಂಜಿನ್ ಕೆಮ್ಮಿದ್ರೆ ರೋಗ ಏನು ಅಂತ ಬರೀ ಕೇಳಿಯೇ ಹೇಳ್ತಿದ್ದೆ. ನನಗೆ ಇವನು, ಆ ಟೈ, 'ಪೆಡಲ್ ಸ್ವಲ್ಪ ನಿಧಾನಕ್ಕೆ ಒತ್ತಿ ಸಾರ್' ಅಂತ ಪಾಠ ಹೇಳ್ತಾನೆ. ಅವನು ಹುಟ್ಟೋಕೆ ಮುಂಚೆ ನಾನು ಘಾಟಿ ಇಳಿಸಿದೀನಿ.

ಇವತ್ತು ಬೆಳಗ್ಗೆ ಆಗಿದ್ದು ಅದೇ. ಸ್ಕೂಲ್ ಹತ್ತಿರ ರಸ್ತೆ ದಾಟ್ತಿದ್ದೆ, ಒತ್ತಿದ್ರೆ ಕಾರು ನಡುಮಧ್ಯ ನಿಂತುಬಿಡ್ತು. ಆ ಕಡೆಯಿಂದ ಲಾರಿ. ಹಿಂದಿನ ಸೀಟಲ್ಲಿ ಮೊಮ್ಮಗಳು. ಅವಳು ಅಳ್ತಾ ನಿನಗೆ ಹೇಳಿದ್ದಕ್ಕೆ ತಾನೇ ನೀನೂ ಬರ್ತೀನಿ ಅಂತ ಹೊರಟಿದ್ದು? ಒಳ್ಳೇದಾಯ್ತು. ನೀನೇ ಅವನ ಜೊತೆ ಕೂತು ಒಂದು ಸುತ್ತು ಹೋಗಿ ಬಂದ್ಯಲ್ಲ, ಹೇಳು ಈಗ. ತಡವರಿಸ್ತಾ?

ಇಲ್ವಾ...

ಗೊತ್ತಿತ್ತು. ಅವನ ಕೈಗೆ ಹೋದ್ರೆ ಕುರಿ ಥರ. ಅಳಿಯ ಓಡಿಸಿದ್ರೂ ಅಷ್ಟೇ. ನಾನು ಕೂತ್ರೆ ಮಾತ್ರ ಅದಕ್ಕೆ ಚೇಷ್ಟೆ.

ಯಾಕೆ ಹಾಗೆ ನೋಡ್ತೀಯ? ಬ್ಯಾಗಲ್ಲಿ ಏನದು... ಚಪ್ಪಲಿ. ನನ್ನ ಬಲಗಾಲಿನ ಚಪ್ಪಲಿ.

ಎಲ್ಲಿತ್ತು? ಪೆಡಲ್ ಕೆಳಗಾ?

ಇಳಿಯೋವಾಗ ಜಾರಿರತ್ತೆ. ಅವಸರ... ಗಮನ ಇರ್ಲಿಲ್ಲ. ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದೆ ಅಂತೀಯಾ? ಆ ಜಲ್ಲಿ ಮೇಲೆ?

ಬಗ್ಗಬೇಡ. ಎಲ್ಲರೂ ನೋಡ್ತಿದಾರೆ, ಕಾಲು ಬಿಡು. ಏನು ಮಾಡ್ತಿದೀಯ ಅಲ್ಲಿ?

ಚಿವುಟಿದ್ಯಾ?

...ಬಿಡು. ಇನ್ನೊಂದು ಸಲ ಚಿವುಟಬೇಡ. ಗೊತ್ತಾಗಲ್ಲ.

ಆರು ತಿಂಗಳಾಯ್ತು. ಶುಗರ್ ನಾರ್ಮಲ್ ಅಂತ ಸುಳ್ಳು ಹೇಳಿದ್ದೆ ನಿನಗೆ. ಡಾಕ್ಟರು ಬಲಗಾಲಿಗೆ ಸೂಜಿ ಚುಚ್ಚಿ ನೋಡಿ, ಗಾಡಿ ಮುಟ್ಟಬೇಡಿ ಅಂದ್ರು. ಚೀಟಿ ಅಲ್ಲೇ ಹರಿದು ಹಾಕಿ, ಕಾರು ತಗೊಂಡು ಮನೆಗೆ ಬಂದೆ. ಡ್ರೈವರ್ ಅಲ್ದೆ ಇದ್ರೆ ನಾನು ಇನ್ನೇನು ಹೇಳು...

ಬೈಯೋದಿದ್ರೆ ಬೈದುಬಿಡು.

ಆಕ್ಸಿಲರೇಟರ್ ಒಂದೇ ಅಲ್ಲ ಕಣೇ. ಬ್ರೇಕೂ ಗೊತ್ತಾಗಲ್ಲ. ದಿನಾ ಮಗೂನ ಕೂರಿಸ್ಕೊಂಡು ಹೋಗ್ತಿದ್ದೆ.