ಪಿಟೀಲಿನ ಅಡಿಯ ಗಿಟಾರು

ಪಿಟೀಲು ಕೆಟ್ಟದ್ದು ಅಂತ ನಾನು ಎಲ್ಲಿ ಹೇಳಿದೆ? ಇರಲಿ ಮಾರಾಯ, ಪಿಟೀಲು ಇರಲಿ! ಕಛೇರಿಯಲ್ಲಿ ಇರಲಿ, ಇಗರ್ಜಿಯಲ್ಲಿ ಇರಲಿ, ಮದುವೆ ಹಾಲಿನಲ್ಲಿ ಊಟದ ಹೊತ್ತಿಗೆ ಇರಲಿ. ರಾಕ್ ಹಾಡಿನ ಮಂಡೆ ಮೇಲೆ ಎಂತಕ್ಕೆ, ಅದು ನನ್ನ ಪ್ರಶ್ನೆ. ಬಂಗುಡೆ ಮೀನಿನ ಪುಳಿಮುಂಚಿಗೆ ಗೋಡಂಬಿ ಅರೆದು ಹಾಕುವವರುಂಟಾ? ಹಾಕಿದರೆ ಅದು ಕೆಟ್ಟ ಪದಾರ್ಥವೇನಲ್ಲ. ತಿನ್ನಬಹುದು. ಆದರೆ ಬಂಗುಡೆ ಎಲ್ಲಿ ಹೋಯಿತು? ಹುಳಿ ಎಲ್ಲಿ, ಖಾರ ಎಲ್ಲಿ?

ನಗು ನೂರ್, ನಗು. ಗ್ಲಾಸು ಮಾತ್ರ ಕೆಳಗಿಟ್ಟು ನಗು, ಕುಶಲಾ ಈಗಷ್ಟೇ ನೆಲ ಒರಸಿ ಹೋದದ್ದು. ಚಾ ಚೆಲ್ಲಿದರೆ ನಿನಗೆ ಎಂತದೂ ಹೇಳುವುದಿಲ್ಲ ಅವಳು. ನೂರಣ್ಣ ಬಂದಿದ್ದಾರೆ, ನೂರಣ್ಣನಿಗೆ ಬಾಳೆಹಣ್ಣಿನ ಪೋಡಿ ಕರಿಯಬೇಕು, ನೂರಣ್ಣನಿಗೆ ಸಕ್ಕರೆ ಕಡಿಮೆ... ಪೆಟ್ಟು ಕಟ್ಟಿಕೊಂಡ ಗಂಡನಿಗೆ!

ಇಲ್ಲ, ಗಡಿಬಿಡಿ ಇಲ್ಲ. ಮುಖೇಶ್ ಬಜಪೆಯಿಂದ ಬರುವಾಗ ನಾಲ್ಕು ಗಂಟೆ ಆಗ್ತದೆ. ಒಳ್ಳೆಯ ಹುಡುಗ. ಈಗ ಮತ್ತೆ ಎಲ್.ಪಿ. ರೆಕಾರ್ಡು ಬಂದಿದೆ ಅಲ್ಲವಾ, ಆ ದೊಡ್ಡ ಕಪ್ಪು ತಟ್ಟೆ... ನಮ್ಮ "ಹಂಚಿನ ಹೊಗೆ"ಯನ್ನು ಅದರಲ್ಲಿ ತರುತ್ತಾನಂತೆ! ನಾವು ಕಾಲೇಜು ಮುಗಿಸಿ ಮಾಡಿದ ಕ್ಯಾಸೆಟ್ಟನ್ನು ಈಗಿನ ಮಕ್ಕಳು ಹುಡುಕಿ ಹುಡುಕಿ ಕೇಳ್ತಾರಂತೆ ನೂರ್. ಅವನ ಪ್ರಶ್ನೆ ಒಂದೇ: "ಅಂಕಲ್, ಪಿಟೀಲು ಇರುವುದು ಹಾಕಬೇಕಾ, ಇಲ್ಲದ್ದು ಹಾಕಬೇಕಾ? ಲೋಕಯ್ಯ ಅಂಕಲ್, ನೂರ್ ಅಂಕಲ್, ನೀವಿಬ್ಬರೂ ಒಂದು ಮಾತು ಹೇಳಿ." ಒಂದು ಮಾತು! ನಾವಿಬ್ಬರು! ಕಾಪಿ ಕುಡಿಯುವುದಾ ಚಾ ಕುಡಿಯುವುದಾ ಅಂತ ಒಂದು ಮಾತಿಗೆ ಬಂದವರಲ್ಲ ನಾವು.

ಗೊತ್ತುಂಟು. ನೀನು ಎಂತ ಹೇಳ್ತೀ ಅಂತ ನನಗೆ ಗೊತ್ತುಂಟು. ನೀನು ಹಾಕಿಸಿದ ಪಿಟೀಲು ಇಲ್ಲದಿದ್ದರೆ ಆ ಕ್ಯಾಸೆಟ್ಟು ಯಾರು ಕೇಳ್ತಿದ್ದರು ಅಂತ. ಆ ಪಿಟೀಲಿನಿಂದಲೇ ಅಲ್ಲವಾ ಅದು ಬಸ್ಸಿನಲ್ಲಿ ಬಂದದ್ದು, ಐಸ್‌ಕ್ರೀಮ್ ಅಂಗಡಿಯಲ್ಲಿ ಬಂದದ್ದು ಅಂತ. ಟೌನ್‌ಹಾಲಿನ ಸನ್ಮಾನದಲ್ಲಿಯೂ ನೀನು ಅದನ್ನೇ ಹೇಳಿದ್ದು. ಶಾಲು, ಪೇಟ, ಹಣ್ಣಿನ ಬುಟ್ಟಿ! "ಕರಾವಳಿಯ ರಾಕ್ ಸಂಗೀತಕ್ಕೆ ಮಾಧುರ್ಯ ತಂದ ಮಹನೀಯರು." ಮಾಧುರ್ಯ! ಎದುರು ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವ ಯಾರು? ಈ ಲೋಕಯ್ಯ. ಫೋಟೋದಲ್ಲಿ ನೋಡು, ಹಲ್ಲು ಕಾಣ್ತದೆ. ಅದು ನಗು ಅಂತ ನೀನು ತಿಳಿದೆ.

ಅಲ್ಲ, ಇವತ್ತು ಜಗಳ ಇಲ್ಲ. ಖುಷಿಯಲ್ಲಿದ್ದೇನೆ ಮಾರಾಯ! ಕುಶಲಾ ಕೂಡ ಕೇಳಿದಳು, ರಿಟಾಯರ್ಡ್ ಆದ ದಿನವೂ ಇಷ್ಟು ಹಾರಾಡಲಿಲ್ಲ, ಇವತ್ತು ಎಂತ ವಿಶೇಷ ಅಂತ. ವಿಶೇಷ ಉಂಟು. ಹೇಳ್ತೇನೆ.

ರೆಕಾರ್ಡಿಂಗ್ ಮುಗಿಯುವ ಮೊದಲೇ ಮದ್ರಾಸಿನಿಂದ ನಾನು ಹೊರಟದ್ದು ನೆನಪುಂಟಾ? ಪಣಂಬೂರು ಬಂದರಿನ ಕೆಲಸದ ಇಂಟರ್‌ವ್ಯೂ. ನನ್ನ ಗಿಟಾರು ಎಲ್ಲ ಮುಗಿಸಿಯೇ ಹೊರಟದ್ದು. "ಕುದ್ರು" ಹಾಡಿಗೆ ಆ ಉದ್ದದ್ದು... ನಮ್ಮ ಎಸ್ತೆರ್ ಮೂರನೇ ಚರಣ ಹಾಡಿ ನಿಲ್ಲಿಸಿದ ಮೇಲೆ ನಾನೊಬ್ಬನೇ ಬಾರಿಸಿದ್ದು. ಬಾರಿಸಿ ಕಣ್ಣು ತೆರೆದರೆ ಸ್ಟುಡಿಯೋದ ಗಾಜಿನ ಆಚೆ ನೀನು ಎದ್ದು ನಿಂತಿದ್ದೆ. ಎಸ್ತೆರ್ ಬಾಯಿಗೆ ಕೈ ಇಟ್ಟಿದ್ದಳು. ಇಂಜಿನಿಯರ್ ಬೀಡಿ ಹಚ್ಚಲಿಕ್ಕೆ ಕಡ್ಡಿ ಗೀರಿದವ ಹಾಗೆಯೇ ಇದ್ದ, ಬೆರಳು ಸುಟ್ಟುಕೊಂಡ! ಅಷ್ಟು ಒಳ್ಳೆಯದು ನಾನು ಮತ್ತೆ ಬಾರಿಸಲಿಲ್ಲ. ಮೊದಲೂ ಇಲ್ಲ. ನೀನೇ ಹೇಳಿದ್ದು: "ಲೋಕಯ್ಯ, ಇದಕ್ಕೆ ಕೈ ಹಾಕುವುದಿಲ್ಲ, ನೀನು ಧೈರ್ಯದಲ್ಲಿ ಹೋಗು."

ಹೋದೆ. ಕ್ಯಾಸೆಟ್ಟು ಬಂತು. ಹಂಪನಕಟ್ಟೆಯ ಅಂಗಡಿಯಲ್ಲಿ ನಿಂತೇ ಹಾಕಿಸಿದೆ. ಎಸ್ತೆರ್ ಹಾಡಿದಳು, ನಿಲ್ಲಿಸಿದಳು, ನಾನು ಉಸಿರು ಹಿಡಿದೆ... ಪಿಟೀಲು! ಒಂದಲ್ಲ, ಎರಡಲ್ಲ, ಒಂದು ದಿಬ್ಬಣ ಪಿಟೀಲು! ಅಂಗಡಿಯವ ಹೇಳ್ತಾನೆ, "ಆಹಾ, ಇದು ಭಾರೀ ಲಾಯ್ಕುಂಟು!"

ಸೈಕಲ್ ತುಳಿದು ಹಳೇ ಬಂದರಿಗೆ, ನಿನ್ನ ಬಾಪನ ಅಂಗಡಿಗೆ ಬಂದೆನಲ್ಲ. ಒಣಮೆಣಸಿನ ಗೋಣಿಗಳ ನಡುವೆ ನಿಂತು ನೀನು ಎಂತ ಹೇಳಿದೆ? "ಉಂಟು ಲೋಕಯ್ಯ. ಅಡಿಯಲ್ಲಿ ಉಂಟು. ಪಿಟೀಲು ಅದನ್ನು ಎತ್ತಿ ಹಿಡಿದದ್ದು ಅಷ್ಟೆ. ನೀನು ಕೇಳಿದ ಟೇಪ್‌ರೆಕಾರ್ಡರ್ ಸಣ್ಣದು, ಅದಕ್ಕೆ ಕೇಳುವುದಿಲ್ಲ."

ಅಡಿಯಲ್ಲಿ ಉಂಟು!

ಮೊದಲ ಸಂಬಳದಲ್ಲಿ ದೊಡ್ಡ ಟೇಪ್‌ರೆಕಾರ್ಡರ್ ತಂದೆ. ಆಮೇಲೆ ಬೀರುವಿನಷ್ಟು ಎತ್ತರದ ಸ್ಪೀಕರು. ಮದುವೆಯಾದ ವಾರದಲ್ಲಿ ಕುಶಲಾಳನ್ನು ಕೂರಿಸಿ, "ಈಗ ಬರ್ತದೆ, ಈಗ... ಕೇಳ್ತದಾ, ಅಡಿಯಲ್ಲಿ?" ಅಂತ ಕೇಳಿದೆ. ಪಾಪ, "ಕೇಳ್ತದೆ" ಅಂದಳು. ಹೊಸ ಹೆಂಡತಿ, ಮತ್ತೆಂತ ಹೇಳುವುದು? ಇಷ್ಟು ವರ್ಷವಾದರೂ ಅದನ್ನೇ ಹೇಳ್ತಾಳೆ. ಆಮೇಲೆ ನೀನು ದುಬೈಯಿಂದ ಇದನ್ನು ತಂದೆ. ಇದೇ ಹೆಡ್‌ಫೋನು. ಸ್ಪಂಜು ಎರಡು ಸಲ ಬದಲಿಸಿದ್ದೇನೆ, ಇನ್ನೂ ಕಲ್ಲಿನ ಹಾಗೆ ಉಂಟು. "ಇದರಲ್ಲಿ ಕೇಳು ಲೋಕಯ್ಯ, ಇದರಲ್ಲಿ ಖಂಡಿತ ಕೇಳ್ತದೆ" ಅಂದೆ. ಸತ್ಯ ಹೇಳ್ತೇನೆ, ಇದರಲ್ಲಿ ನನಗೆ ಕೇಳಿತು! ಕಣ್ಣು ಮುಚ್ಚಿ ಕೂತರೆ, ದೂರದಲ್ಲಿ, ನೀರಿನ ಅಡಿಯಲ್ಲಿ ಯಾರೋ ಬಾರಿಸಿದ ಹಾಗೆ...

ಎಂತ? ಮುಖ ಯಾಕೆ ಆ ಕಡೆ? ಸೆಕೆ ಆಗ್ತದಾ? ಫ್ಯಾನು ಜೋರು ಮಾಡ್ತೇನೆ.

ಈಗ ವಿಶೇಷಕ್ಕೆ ಬರ್ತೇನೆ. ಮುಖೇಶನಿಗೆ ಟೇಪು ಸಿಕ್ಕಿದೆ! ಮೂಲ ಟೇಪು, ಆ ಅಗಲದ್ದು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು, ಯಜಮಾನನ ಮಗ ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ. ಯಾಕೆ ಹೀಗೆ ನೆಟ್ಟಗೆ ಕೂತೆ? ಸಂತೋಷದ ವಿಷಯ ಅಲ್ಲವಾ? ಎಂಟೂ ಟ್ರ್ಯಾಕು ಬೇರೆ ಬೇರೆ ಮಾಡಿ ಕಂಪ್ಯೂಟರಿಗೆ ಹಾಕಿ ಕೊಟ್ಟಿದ್ದಾನೆ. ನೀರಿನ ನಳ್ಳಿ ತಿರುಗಿಸಿದ ಹಾಗೆ, ಬೇಕಾದ್ದು ಬಿಡುವುದು, ಬೇಡದ್ದು ಕಟ್ಟುವುದು. ಇಲ್ಲಿ ನೋಡು. ಇದು ಡ್ರಮ್ಮು. ಇದು ಎಸ್ತೆರ್. ಈ ಎರಡು ನಿನ್ನ ಪಿಟೀಲು. ಕಟ್ಟಿದೆ! ಆಹಾ, ಎಂತಹ ಸುಖ ಮಾರಾಯ, ಒಂದು ಬೆರಳಿನಲ್ಲಿ ನಿನ್ನ ಇಡೀ ದಿಬ್ಬಣ ಸುಮ್ಮನಾಯಿತು! ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ಸುಮ್ಮನೆ!

ಬಾ, ಕಿವಿಗೆ ಹಾಕುವ. ನಿನ್ನದೇ ಹೆಡ್‌ಫೋನು, ಹೆದರಬೇಡ. ಟೋಪಿ ಸ್ವಲ್ಪ ಹಿಂದೆ ಮಾಡು. ಹಾಂ. ಪಿಟೀಲು ತೆಗೆದ ಮೇಲೆ ಏನು ಉಳಿದಿದೆ ಅಂತ ನೀನೇ ಕೇಳು. "ಕುದ್ರು", ಮೊದಲಿನಿಂದ.

ಕೇಳ್ತದಾ? ಎಸ್ತೆರ್ ಹಾಡುವ ಮೊದಲು ಉಸಿರು ತೆಗೆಯುವುದು ಕೇಳ್ತದಾ? ಗಂಟಲು ಒಂಚೂರು ಕಟ್ಟಿದೆ, ಶೀತ ಇತ್ತಲ್ಲ ಅವಳಿಗೆ. ಅದನ್ನು ಮುಚ್ಚಿದ್ದು ನೀನು! ಮನುಷ್ಯರು ಹಾಡಿದ್ದು ಅಂತ ಈಗ ಗೊತ್ತಾಗ್ತದೆ. ಆಯಿತು, ಆಯಿತು, ಕೈ ತೋರಿಸಬೇಡ, ನಾನು ಸುಮ್ಮನಿರ್ತೇನೆ.

...ಮೂರನೇ ಚರಣ ಬಂತಾ? ಸರಿ, ಸರಿ, ಮಾತಾಡುವುದಿಲ್ಲ.

...ಈಗ!

ನೋಡಿದೆಯಾ! ಗಿಟಾರು! ಪಿಟೀಲಿನ ಅಡಿಯಿಂದ ಎದ್ದು ಬಂತು ನೋಡು! ನೀನು ಹೇಳಿದ್ದು ಸತ್ಯವೇ ಮಾರಾಯ, ಅಡಿಯಲ್ಲಿ ಇತ್ತು!

ತೆಗೆದದ್ದು ಯಾಕೆ? ಮುಗಿಯಲಿಲ್ಲ ಇನ್ನೂ. ಹಾಕು. ಬೇಡವಾ? ಹೋಗಲಿ, ಕೇಳಿದಷ್ಟು ಸಾಕು. ಹೇಗುಂಟು?

ಹೇಗುಂಟು ಅಂತ ಕೇಳಿದ್ದು.

ಮಾತಾಡು ನೂರ್. ಮುಖೇಶ್ ಬಂದ ಕೂಡಲೇ ಹೇಳಬೇಕಲ್ಲ. "ಹೌದು, ಲೋಕಯ್ಯ ಅವತ್ತು ಬಾರಿಸಿದ್ದು ಇದೇ, ನನ್ನ ಪಿಟೀಲಿನ ಅಡಿಯಲ್ಲಿದ್ದದ್ದು ಇದೇ" ಅಂತ ಹೇಳ್ತೀ ಅಲ್ಲವಾ? ಇಷ್ಟು ವರ್ಷ ಹೇಳಿದ ಮಾತು, ಇನ್ನೊಂದು ಸಲ ಹೇಳಲಿಕ್ಕೆ ಎಂತ ಕಷ್ಟ? ಅಥವಾ... "ಇದು ಅದಲ್ಲ" ಅಂತ ಹೇಳಬೇಕಾ? ಹೇಳು! ಅದಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಆಮೇಲೆ ನಾನು ಕೇಳ್ತೇನೆ. ಎರಡರಲ್ಲಿ ಒಂದು. ಮೂರನೆಯದ್ದು ಇಲ್ಲ.

ನನ್ನ ಕೈ ಎಂತಕ್ಕೆ ನೋಡ್ತೀ? ಬೆರಳಾ? ಅದು... ಪಲ್ಯಕ್ಕೆ ಜೀಗುಜ್ಜೆ ಹೆಚ್ಚುವಾಗ ಆದದ್ದು. ಹೌದು, ಎಡಗೈ. ನಾಲ್ಕೂ ಬೆರಳಿನ ತುದಿ ಸುಲಿದು ಗಟ್ಟಿಯಾಗಿದೆ. ಜೀಗುಜ್ಜೆ ಹಾಗೆ ಹೆಚ್ಚುವುದಿಲ್ಲ ಅಂತ ನನಗೂ ಗೊತ್ತುಂಟು.

ನಗುವುದಿಲ್ಲವಾ? ಇಷ್ಟು ಹೊತ್ತು ನಗ್ತಿದ್ದೆಯಲ್ಲ.

ಸರಿ. ಹಾಗಾದರೆ ನಾನೇ ಹೇಳ್ತೇನೆ. ನೀನು ಕೇಳಿದ್ದು ನಾನು ಹೋದ ತಿಂಗಳು ಬಾರಿಸಿದ್ದು. ಇದೇ ಮಹಡಿಯ ಕೋಣೆಯಲ್ಲಿ, ಬಾಗಿಲು ಹಾಕಿ. ಮನೆ ಮೇಲಿಂದ ವಿಮಾನ ಇಳಿಯುವಾಗೆಲ್ಲ ಸದ್ದಿಗೆ ನಿಲ್ಲಿಸಿ ನಿಲ್ಲಿಸಿ. ಯಾಕೆಂದರೆ ಎಂಟು ಟ್ರ್ಯಾಕಿನಲ್ಲಿ ಎಲ್ಲಿಯೂ ಅದು ಇಲ್ಲ. ಅಡಿಯಲ್ಲಿ ಎಂತದೂ ಇಲ್ಲ, ಇಜ್ಜಿ! ಒಂದೊಂದೇ ಕಟ್ಟಿ ಕೇಳಿದೆ, ಒಂದೊಂದೇ ಬಿಟ್ಟು ಕೇಳಿದೆ. ಎಂಟೂ ತುಂಬಿತ್ತು, ಪಿಟೀಲಿಗೆ ಜಾಗ ಬೇಕಿತ್ತು, ಅಲ್ಲವಾ? ಅಳಿಸಿದಿರಿ. ನನ್ನ ಮೇಲೆಯೇ ಪಿಟೀಲು ತುಂಬಿಸಿದಿರಿ. ಇಲ್ಲ ಅಂತ ಮಂಡೆ ಆಡಿಸಬೇಡ, ಗುರುತು ಉಂಟು! ಪಿಟೀಲು ಎಲ್ಲಿ ನಿಲ್ತದೋ, ಅಲ್ಲಿ, ಅದೇ ಟ್ರ್ಯಾಕಿನಲ್ಲಿ, ಅಳಿಸಿದ್ದು ಮುಗಿದ ಮೇಲೆ, ನನ್ನ ಕೊನೆಯ ಸ್ವರದ ಬಾಲ ಒಂದು ಚೂರು ಉಳಿದಿದೆ. ಒಂದು ಗುಂಯ್ ಅಂತ. ಅಷ್ಟೆ. ಹಲ್ಲಿ ಬಾಲ ಬಿಟ್ಟು ಹೋದ ಹಾಗೆ.

ಅದಕ್ಕೆ ಬಲೆ ಹಾಕಿದ್ದು. "ಚಂದ ಉಂಟು, ಇದೇ ಅದು" ಅಂತ ನೀನು ಹೇಳಬೇಕು, ಮುಖೇಶನ ಎದುರಿಗೆ ಮೂಲ ಟೇಪು ಹಾಕಿ, ಸುಳ್ಳು ತೋರಿಸಿ, ನಿನ್ನ ಮಾಧುರ್ಯ ಇಳಿಸಬೇಕು. ಇಲ್ಲದಿದ್ದರೆ, "ಇದು ಅದಲ್ಲ" ಅನ್ನಬೇಕು, ನಿನ್ನ ಬಾಯಿಯಿಂದಲೇ "ಅಳಿಸಿದೆ" ಅಂತ ಬರಬೇಕು. ನಿದ್ದೆಯಲ್ಲಿಯೂ ಇದನ್ನೇ ನೆನೆದು ನಕ್ಕಿದ್ದೇನೆ ನಾನು! ಇಷ್ಟು ವರ್ಷ, ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ಇಲ್ಲದ್ದನ್ನು ಕೇಳಿಸಿದೆಯಲ್ಲ ನನಗೆ, ಮನುಷ್ಯನಾ ನೀನು!

...

ಯಾಕೆ ಹಾಗೆ ನೋಡ್ತೀ?

ಹಾಗೆ ನೋಡಬೇಡ. ಸಿಟ್ಟು ಮಾಡು, ಬೈಯಿ, ಎದ್ದು ಹೋಗು. ಹಾಗೆ ನೋಡಬೇಡ.

...ಗೊತ್ತಾಯಿತು ನಿನಗೆ. ಅಲ್ಲವಾ? ಅದಕ್ಕೇ ನಡುವೆಯೇ ತೆಗೆದದ್ದು. ನಿನ್ನ ಕಿವಿ ಇನ್ನೂ ಹಾಗೆಯೇ ಉಂಟು, ಎಂತ ಸಾವು ಮಾರಾಯ.

ಹೌದು. ನಾನು ಬಾರಿಸಿದ್ದು ನಿನ್ನ ಪಿಟೀಲು.

ನನ್ನದನ್ನು ಬಾರಿಸಬೇಕು ಅಂತಲೇ ಕೂತದ್ದು ನೂರ್. ಗಿಟಾರು ಮಡಿಲಲ್ಲಿಟ್ಟು, ಎಸ್ತೆರ್ ಹಾಡಿ ನಿಲ್ಲಿಸಿದ ಕೂಡಲೇ ಬೆರಳು ತಾನಾಗಿ ಹೊರಟಿತು. ಎಷ್ಟು ಖುಷಿಯಾಯಿತು! ಮರೆಯಲಿಲ್ಲ, ಬೆರಳಿಗೆ ನೆನಪುಂಟು ಅಂತ. ಮುಗಿಸಿ ಕೇಳಿದರೆ... ಪಿಟೀಲಿನದ್ದೇ ರಾಗ. ಏರುವಲ್ಲಿ ಏರಿದ್ದು, ಎಳೆಯುವಲ್ಲಿ ಎಳೆದದ್ದು. ಬಿಟ್ಟು ಬೇರೆ ಬಾರಿಸಿದೆ. ಮತ್ತೆ ಅದೇ. ಬೇರೆಯದ್ದು ಬಾರಿಸಿದರೆ ಅದು ಇವತ್ತಿನ ಮುದುಕ ಹೊಸತಾಗಿ ಹೆಣೆದದ್ದು, ಅವತ್ತಿನದ್ದಲ್ಲ. ನಾನು ಅದನ್ನು ಬಾರಿಸಿದ್ದು ಒಂದೇ ಸಲ. ಪಿಟೀಲು ಕೇಳಿದ್ದು ಎಷ್ಟು ಸಲ? ನನ್ನದನ್ನು ಹುಡುಕಿಯೇ ಕೇಳಿದ್ದು! ಹುಡುಕಿ ಹುಡುಕಿ ನಿನ್ನದನ್ನು ಬಾಯಿಪಾಠ ಮಾಡಿದ್ದು! ಟೇಪಿನಲ್ಲಿ ನೀನು ಒಂದು ಸಲ ಅಳಿಸಿದೆ. ಮಂಡೆಯೊಳಗೆ ಅಳಿಸಿದ್ದು ನಾನೇ, ನಿನ್ನ ಹೆಡ್‌ಫೋನು ಹಾಕಿಕೊಂಡು.

ಕುಶಲಾ, ಬೆಲ್ಲು! ಮುಖೇಶ್ ಇರಬೇಕು. ಕೆಳಗೆ ಕೂರಿಸು, ಪೋಡಿ ಕೊಡು. ನಾವು ಬರ್ತೇವೆ ಅಂತ ಹೇಳು. ಬರ್ತೇವೆ.

ನೀನು ಕೂತುಕೋ. ಏಳಲಿಕ್ಕೆ ಬಿಡುವುದಿಲ್ಲ ನಾನು. ಪಿಟೀಲು ಹಾಕ್ತಾನೋ ಬಿಡ್ತಾನೋ, ಆ ಹುಡುಗನಿಗೆ ಬೇಕಾದ್ದು ಹೇಳುವ, ನಿನ್ನ ಮರ್ಯಾದೆಯೂ ತೆಗೆಯುವುದಿಲ್ಲ. ಆದರೆ ಒಂದು ಕೊಟ್ಟು ಹೋಗಬೇಕು. ಅಳಿಸುವ ಮೊದಲು ಕೊನೆಗೆ ಕೇಳಿದವ ನೀನು. ಗಾಜಿನ ಆಚೆ ಎದ್ದು ನಿಂತವ ನೀನು. ಎಸ್ತೆರ್ ತೀರಿ ಹೋಗಿ ಆಯಿತು, ಆ ಇಂಜಿನಿಯರ್ ಎಲ್ಲಿದ್ದಾನೋ ಗೊತ್ತಿಲ್ಲ. ಇನ್ನು ಅದು ಉಳಿದಿದ್ದರೆ ನಿನ್ನ ಕಿವಿಯಲ್ಲಿ ಮಾತ್ರ. ನಿನ್ನಂಥ ಕಿವಿ ಊರಿನಲ್ಲಿಲ್ಲ ಅಂತ ಹೇಳಿದ್ದು ನಾನೇ ಅಲ್ಲವಾ. ಗುನುಗು. ನಾಚಿಕೆ ಎಂತದು, ಬಾಗಿಲು ಹಾಕಿ ಉಂಟು.

ಇಡೀ ಬೇಡ. ಹೇಗೆ ಶುರುವಾದದ್ದು, ಅಷ್ಟೆ. ಮೇಲಿನಿಂದ ಇಳಿದದ್ದಾ? ಕೆಳಗಿನಿಂದ ಹತ್ತಿದ್ದಾ? ಮೊದಲ ಸ್ವರ ಒಂದು ಕೊಡು, ಮುಂದಿನದ್ದು ನಾನು ನೋಡಿಕೊಳ್ತೇನೆ.

ಹಾಂ, ಹೇಳು...

ಎಂತ, ಬಾಯಿ ತೆರೆದವ ಮುಚ್ಚಿದೆ? ಇನ್ನೊಮ್ಮೆ ನೆನಪು ಮಾಡು. ಕಣ್ಣು ಮುಚ್ಚು ಬೇಕಾದರೆ.

...

ನೂರ್.

ನಿನಗೂ ಇಲ್ಲವಾ?