ಅಮೋನಿಯಾ ಸೀಸೆ

ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾದಿದ್ದ ಮಾಯಮ್ಮನ ಪಕ್ಕದಲ್ಲಿ, ಬೆಂಗಳೂರಿನಿಂದ ಬಂದಿಳಿದ, ಅವಳಿಗೆ ಗುರುತಿಲ್ಲದ ಇಬ್ಬರು ಕಾಲೇಜು ಹುಡುಗರು ಜಟಕಾಕ್ಕಾಗಿ ಕೂತರು. ಅವರಲ್ಲಿ ಗಫಾರನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮಾದಯ್ಯ ಅವನ ಕೈ ಹಿಡಿದಿದ್ದ.

“ಕೋಬಾಲ್ಟ್ ಉಪ್ಪು ಬಣ್ಣ ತಿರುಗ್ತೇನ್ಲಾ?” ಗಫಾರ್ ಕೇಳಿದ.

“ತಿರುಗ್ತು ಕಣ್ಲಾ. ನೀನು ಆಸ್ಪತ್ರೇಲಿದ್ದಾಗ ಅಮೋನಿಯಾ, ಇದ್ದಿಲು ಹಾಕಿ ಗಾಳಿ ಊದಿಸ್ದೆ. ಗುಲಾಬಿ ನೀರು ಹೋಗಿ ಕಿತ್ತಳೆ ಹರಳು ಕಟ್ತು.”

“ಅಮೋನಿಯಾ ವಾಸ್ನೆ?”

“ಒಸಿನೂ ಇಲ್ಲ. ಕೋಬಾಲ್ಟು ಬಿಗಿಯಾಗಿ ಹಿಡ್ಕೊಂಡ್‌ಬುಟ್ಟೈತೆ.” ಮಾದಯ್ಯ ಅವನ ಕಣ್ಣಪಟ್ಟಿಯತ್ತ ತಿರುಗಿದ. “ಬಿಸಿಲಲ್ಲಿದ್ದ ಅಮೋನಿಯಾ ಸೀಸೆ ಆರಲಿ ಅಂದೆ ನೀನು. ಆತುರಕ್ಕೆ ಬಿರಡೆ ಕಿತ್ತೋನು ನಾನು, ಚಿಮ್ಮಿದ್ದು ನಿನ್ನ ಕಣ್ಣಿಗೆ. ನಿಮ್ಮಮ್ಮಂಗೆ ಹೇಳ್ಬುಡ್ತೀನಿ.”

“ಬ್ಯಾಡ. ನಾನೇ ಕಿತ್ತೆ ಅಂತೀನಿ. ಇಲ್ದಿದ್ರೆ ನೀನು ನಮ್ಮನೆಗೆ ಬರೋದ್ನೇ ಬುಟ್‌ಬುಡ್ತೀಯ.”

ಜಟಕಾ ಬಂತು. ಗಫಾರನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲ ಮೇಲಿಟ್ಟ ಮಾದಯ್ಯ, ಗಾಡಿಯವನು ಕೂಗುವ ತನಕ ಕೈ ತೆಗೆಯಲೇ ಇಲ್ಲ.