ಯುಗಾದಿಯವರೆಗೆ ನೀಲಿ ಪರದೆ

ರಾಮಾಂಜಿನಪ್ಪನಿಗೆ ಕಂಪ್ಯೂಟರಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಖಾಲಿ ತರಕಾರಿ ಮಂಕರಿ ಇಟ್ಟುಕೊಂಡು ಕೂತವನಿಗೆ ಪಕ್ಕದವರ ಮಾತು ಸುಮ್ಮನೆ ಕಿವಿಗೆ ಬೀಳುತ್ತಿತ್ತು. ಒಬ್ಬರು ಫ್ಯಾಕ್ಟರಿ ಆಫೀಸಿನ ತಲೆ ನರೆತ ಗುಮಾಸ್ತರು, ಇನ್ನೊಬ್ಬಳು ಅದೇ ಆಫೀಸಿನ ಹುಡುಗಿ.

“ಫೈಲು ಹುಡುಕೋಕೆ, ಸಾಗಿಸೋಕೆ ಯಾವ ಪ್ರೋಗ್ರಾಂ ಇರಲಿ ಅಂತ ಮ್ಯಾನೇಜರು ನಿನ್ನನ್ನೇ ಕೇಳಿದ್ರಂತಲ್ಲಮ್ಮ. ಏನಂದೆ?”

“ಹಳೇ ನೀಲಿ ಪರದೆ ಪ್ರೋಗ್ರಾಮೇ ಇರಲಿ ಅಂದೆ ಸಾರ್. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಒಂದು ಕೀ ಒತ್ತಿದ್ರೆ ಫೈಲು ಈ ಕಡೆಯಿಂದ ಆ ಕಡೆಗೆ ಹೋಗುತ್ತೆ.”

“ವಿಂಡೋಸಿಂದು ಚೆನ್ನಾಗೈತೆ. ಮೌಸಲ್ಲಿ ಹಿಡ್ದು ಎಳೆದು ಬಿಟ್ರಾಯ್ತು.”

“ಎಳೀವಾಗ ಕೈ ಜಾರಿ ಇನ್ನೆಲ್ಲೋ ಬಿದ್ದೋಗುತ್ತೆ ಸಾರ್.”

“ನಿನ್ನ ಕೈ ಜಾರಲ್ವಲ್ಲ.”

ಹುಡುಗಿ ಅವರ ಕೈ ಕಡೆ ನೋಡಿದಳು. ಗುಮಾಸ್ತರು ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿಕೊಂಡರು.

“ನಂಗೋಸ್ಕರ ಹಳೇದನ್ನ ಕಟ್ಕೊಂಡು ಕೂರಬೇಡ ಕಣಮ್ಮ. ಯುಗಾದಿಗೆ ನಂದು ರಿಟೈರ್‌ಮೆಂಟು.”

ಅಷ್ಟರಲ್ಲಿ ಬಸ್ಸು ಬಂತು. ರಾಮಾಂಜಿನಪ್ಪ ಮಂಕರಿ ಸರಿಸಿ ದಾರಿ ಬಿಟ್ಟ. ಹುಡುಗಿ ಗುಮಾಸ್ತರ ಊಟದ ಕ್ಯಾರಿಯರನ್ನೂ ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿ, ತಿರುಗಿ ನೋಡಿದಳು.

“ಯುಗಾದಿ ಕಳೀಲಿ ಸಾರ್. ಆಮೇಲೆ ಹೊಸದು ಹಾಕಿಸ್ತೀನಿ.”